ಗೌಸ ಸಾಹೇಬರ ಅಡಿಗಲ್ಲಿನ ಇಂಗ್ಲಿಷು

ಬೆಳಗಿನ ಐದೂವರೆ. ದಾಂಡೇಲಿ ಪೇಟೆಯ ಹಿಂದಿನ ಓಣಿಯಲ್ಲಿ ಕುಲುಮೆ ಇನ್ನೂ ಕಾದಿಲ್ಲ, ಕಬ್ಬಿಣ ಬಡಿಯುವ ಅಡಿಗಲ್ಲು ಮಾತ್ರ ಆಗಲೇ ಸದ್ದು ಮಾಡುತ್ತಿದೆ. ಕಮ್ಮಾರ ಗೌಸ ಸಾಹೇಬರು ಸಣ್ಣ ಸುತ್ತಿಗೆಯಿಂದ ಎರಡು ಪೆಟ್ಟು ಕುಟ್ಟುತ್ತಾರೆ, ದೊಡ್ಡದರಿಂದ ಒಂದು, ಮತ್ತೆ ಸಣ್ಣದರಿಂದ ಒಂದು. ಎದುರಿಗೆ ಕೂತ ಒಂಬತ್ತು ಕೂಲಿಕಾರರು ಒಟ್ಟಿಗೆ ಕೂಗುತ್ತಾರೆ: “ವೆಂ-ಟಿ-ಲೇ-ಶನ್!” ಓಣಿಯ ಹುಂಜಗಳಿಗೆ ಇನ್ನು ಕೂಗುವ ಕೆಲಸವೇ ಉಳಿದಿಲ್ಲ.

ಸಾಹೇಬರಿಗೆ ಐವತ್ತೆರಡು. ಹಳಿಯಾಳದವರು, ಎರಡನೇ ಇಯತ್ತೆಗೇ ಶಾಲೆ ಬಿಟ್ಟವರು. ಕುಳಗಿಯ ಅರಣ್ಯ ಕ್ಯಾಂಪಿನಲ್ಲಿ ಗರಗಸ ರಿಪೇರಿ ಮಾಡುವಾಗ ಮುದುಕ ಕಾರಕೂನರೊಬ್ಬರು ಇಂಗ್ಲಿಷ್ ಅಕ್ಷರ ಕಲಿಸಿದರಂತೆ. ಉದ್ದನೆಯ ಶಬ್ದಗಳು ಮಾತ್ರ ಬಾಯಲ್ಲಿ ನಿಲ್ಲಲಿಲ್ಲ. ಆಗ ಸುತ್ತಿಗೆ ಎತ್ತಿಕೊಂಡರು.

“ಉದ್ದನ್ನ ಕಬ್ಬಿಣದ ಸಳಿ ಒಮ್ಮೆಲೇ ಬಗ್ಗತೈತೇನ್ರೀ? ತುಸು ತುಸು ಹೊಡೀಬೇಕು. ಎಲ್ಲಾ ಕಡೆ ಒಂದ ಸಮ ಬಡದ್ರ ಕಬ್ಬಿಣಾನೂ ಕೆಡತೈತಿ, ಇಂಗ್ಲಿಷೂ ಕೆಡತೈತಿ. ಬಾಲದಾಗ ‘ಏಶನ್’ ಕಂಡ್ರ ದೊಡ್ಡ ಪೆಟ್ಟು ‘ಏ’ ಮ್ಯಾಲ. ಮುಂದ ‘ಅನ್’ ಕಂಡ್ರ ಅದು ಬೆಸುಗೆ ಹಾಕಿದ ತುಂಡು, ಅರ್ಥ ಉಲ್ಟಾ. ‘ಫಿಟ್’ ಅಂದ್ರ ಕೆಲಸ, ‘ಅನ್‌ಫಿಟ್’ ಅಂದ್ರ ಮನೀ!”

ಕಾಗದದ ಮಿಲ್ಲು ಬಂದ ಮೇಲೆ ಊರಲ್ಲಿ ಬೋರ್ಡು, ಚೀಟಿ, ಅರ್ಜಿ ಎಲ್ಲವೂ ಇಂಗ್ಲಿಷು. ಎರಡು ವರ್ಷದಿಂದ ಇಲ್ಲಿ ದಿನಕ್ಕೆ ಐದು ಶಬ್ದದ ಪಾಠ ನಡೆಯುತ್ತಿದೆ. ಫೀಸು ಅಂತ ಒಬ್ಬೊಬ್ಬರೂ ಹತ್ತು ಸಲ ಕುಲುಮೆಯ ತಿದಿ ಒತ್ತಿದರೆ ಆಯಿತು.

‘ಅನ್‌ಫಿಟ್’ ಮಾತಿಗೆ ಇವತ್ತು ನಗದೆ ಕೂತವಳು ತೇರಗಾಂವದ ಹೊಳೆವ್ವ ಒಬ್ಬಳೇ. ನಾಲ್ಕು ವರ್ಷದಿಂದ ದವಾಖಾನೆಯಲ್ಲಿ ದಿನಗೂಲಿಗೆ ಕಸ ಹೊಡೆಯುತ್ತಾಳೆ. ಹತ್ತು ಗಂಟೆಗೆ ಡಾಕ್ಟರರೆದುರು ಇಂಗ್ಲಿಷ್ ಚೀಟಿ ಓದಿ ತೋರಿಸಿದರೆ ವಾರ್ಡಿನಲ್ಲಿ ಕಾಯಂ ಕೆಲಸ.

“ಅನ್‌ಫಿಟ್ ಅಂದ್ಬಿಟ್ರ ಹೆಂಗ ಕಾಕಾ?” ಅನ್ನುತ್ತ, ಧೈರ್ಯಕ್ಕೆ ‘ಅಪಾಯಿಂಟ್‌ಮೆಂಟ್’ ಹೊಡೆದು ನೋಡಲು ಸುತ್ತಿಗೆ ಎತ್ತುತ್ತಾಳೆ. ಗೌಸ ಸಾಹೇಬರು ಕೈ ಹಿಡಿಯುತ್ತಾರೆ.

“ಅದನ್ನ ಈಗ ಬ್ಯಾಡವ್ವಾ. ಸಣ್ಣದು, ದೊಡ್ಡದು, ಸಣ್ಣದು. ಗೊತ್ತೈತಲ್ಲ? ನೌಕರಿ ಕಾಗದ ಕೈಯಾಗ ಬಂದ ಮ್ಯಾಲ ಹೊಡಿ.”

ಈ ಪಾಠದ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನೂ ಅವಳ ಜೊತೆ ದವಾಖಾನೆಗೆ ಹೋಗುತ್ತೇನೆ. ಚುಚ್ಚುಮದ್ದಿನ ಚೀಟಿ ಕೈಗೆ ಬಂದದ್ದೇ ಹೊಳೆವ್ವ ಅಕ್ಷರ ಒಂದೊಂದಾಗಿ ನೋಡುತ್ತಾಳೆ. ಆಮೇಲೆ ಬೆರಳು ತಾನಾಗಿ ಡಾಕ್ಟರರ ಮೇಜು ಕುಟ್ಟತೊಡಗುತ್ತದೆ. “ಇ-ನಾ-ಕ್ಯು-” ಮುಷ್ಟಿ ಧಡ್ಡನೆ ಬೀಳುತ್ತದೆ, “ಲೇ-ಶನ್!” ದೌತಿ ಉರುಳಿ ಡಾಕ್ಟರರ ಬಿಳಿ ಕೋಟಿನ ತುಂಬ ಶಾಯಿ. ಡಾಕ್ಟರರು ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಾರೆ.

ಕುಲುಮೆಗೆ ಬಂದು ನಡೆದದ್ದನ್ನು ಹೇಳಿದರೆ ಗೌಸ ಸಾಹೇಬರು ಬೆಂಕಿಯತ್ತ ತಿರುಗಿ ತಿದಿ ಒತ್ತುತ್ತಾರೆ. ನಿಮಗೇನು ಆಸೆ ಎಂದು ಕೇಳುತ್ತೇನೆ.

“ನನಗೇನ ಬೇಕ್ರೀ? ಆಕಿ ಬಂದು ಒಂದ ಶಬ್ದ ಹೊಡೀಲಿ, ಸಾಕು.”

ಮಧ್ಯಾಹ್ನ ಒಂದಾಗಿದೆ. ಬೆನ್ನ ಹಿಂದೆ ಅಡಿಗಲ್ಲು ಸದ್ದು ಮಾಡುತ್ತದೆ. ಟಿಣ್. ಢಣ್. ಟಿಣ್.

ನಾನು ತಿರುಗುವ ಮೊದಲೇ ಸಾಹೇಬರ ಮುಖ ಅರಳಿದೆ. “ನೋಡೂದು ಬ್ಯಾಡ್ರಿ, ಆಕಿ ಕಾಯಂ ಆದ್ಲು. ಸಣ್ಣದು, ದೊಡ್ಡದು, ಸಣ್ಣದು. ಪೆಟ್ಟು ಒಂದೂ ತಪ್ಪಿಲ್ಲ.”