ಲೆಕ್ಕಕ್ಕೆ ಬಾರದ ಟಗರು

ಹೈದರಾಬಾದಿನ ಜೀಪು ಬರುವ ಮುಂಚೆಯೇ ರಜಿತಾ ಅಪ್ಪನ ಕುರಿಹಟ್ಟಿಯನ್ನು ಎರಡೆರಡು ಸಲ ಗುಡಿಸಿದ್ದಳು. ಕುರಿಹಟ್ಟಿ ಗುಡಿಸಿದರೆ ಎಷ್ಟು ಹೊತ್ತು ಚೊಕ್ಕಟ ಇದ್ದೀತು ಹೇಳಿ! ಆಕೆ ಕಸಬರಿಗೆ ಇಡುವುದರೊಳಗೆ ಹಿಂದೆ ಮತ್ತೆ ಹಿಕ್ಕೆ ಬಿದ್ದಿರುತ್ತಿತ್ತು. ಅವ್ವ ಪೆಂಟಮ್ಮ ಹೊಸ್ತಿಲ ಮೇಲೆ ಕೂತು ಅಕ್ಕಿ ಆರಿಸುತ್ತ ನಗುತ್ತಿದ್ದಳು.

"ಬರೋರು ಬೀಗ್ರೇನವ್ವ? ಕುರಿ ನೋಡಾಕ ಬರ್ತಾರ. ಕುರಿ ಇದ್ದಲ್ಲಿ ಹಿಕ್ಕಿ ಇರ್ತೈತಿ."

"ನಿನಗ ಗೊತ್ತಾಗಂಗಿಲ್ಲ ಸುಮ್ಕಿರವ್ವ," ಎಂದು ರಜಿತಾ ಸಿಡುಕಿದಳು.

ಆಕೆಯ ಸಿಡುಕಿಗೂ ಕಾರಣವಿತ್ತು. ಮಕ್ತಲ್ ಹತ್ತಿರದ ಈ ಹಳ್ಳಿಯ ಕುರುಬರ ಹುಡುಗಿ, ನಾರಾಯಣಪೇಟೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವವಳಾಗಿದ್ದಳು. ತಳಿ ಗುರುತಿಸುವ ತಂಡವೊಂದು ಡೆಕ್ಕನಿ ಕುರಿಗಾಗಿ, ಅಂದರೆ ಉಣ್ಣೆ ಕೊಡುವ ನಮ್ಮ ಕರಿ ಕುರಿಗಾಗಿ, ಈ ಸೀಮೆಯೆಲ್ಲ ಅಲೆಯುತ್ತಿದೆ ಎಂದು ಗೊತ್ತಾದಾಗ ತಾನೇ ಫೋನ್ ಮಾಡಿ ಕರೆದಿದ್ದಳು. ಹಿಂಡು ಅಪ್ಪಟವೆಂದು ಒಪ್ಪಿದರೆ ಇದರ ಟಗರು, ಹೆಣ್ಣುಕುರಿಗಳಿಂದಲೇ ತಳಿ ಬೆಳೆಸುತ್ತಾರಂತೆ. ಅಪ್ಪ ಬೀರಲಿಂಗಪ್ಪ ತನ್ನ ಅಪ್ಪನ ಕಾಲದಿಂದ ಕಾಯ್ದುಕೊಂಡು ಬಂದ ಕರಿ ಕುರಿ ಉಳಿಯುತ್ತದೆ. ಇಲ್ಲದಿದ್ದರೆ ಅಪ್ಪನ ಸೊಂಟ ಬಿದ್ದ ದಿನ ಹಿಂಡು ಕಟುಕರ ಪಾಲು, ವಂಶ ಮಣ್ಣುಪಾಲು. ಅಷ್ಟೇ.

ತರಗತಿಯಲ್ಲಿ ಆಕೆ ಪ್ರತಿ ವರ್ಷ ಇದೇ ಕುರಿಯಿಂದ ಪಾಠ ಶುರು ಮಾಡುತ್ತಿದ್ದಳು. ಜೀವಿಗಳನ್ನು ವರ್ಗ, ಗಣ, ಕುಟುಂಬ, ಕುಲ, ಪ್ರಭೇದ ಎಂದು ಒಂದರೊಳಗೊಂದು ಇಡುತ್ತಾರೆ, ದೊಡ್ಡ ಡಬ್ಬಿಯೊಳಗೆ ಸಣ್ಣ ಡಬ್ಬಿ ಇಟ್ಟ ಹಾಗೆ. ಆಡು, ಕುರಿ ಒಂದೇ ಕುಟುಂಬದವು, ಕುಲ ಬೇರೆ. ಒಂದೇ ಹಟ್ಟಿಯಲ್ಲಿ ಮಲಗಿದರೂ ಅವುಗಳ ವಂಶ ಬೆರೆಯುವುದಿಲ್ಲ. ಆದರೆ ಸಾಕಿದ ಕುರಿಯೆಲ್ಲ ಒಂದೇ ಪ್ರಭೇದ. ಕರಿದಾಗಲಿ, ಕೆಂಪಾಗಲಿ, ಕೂಡಿದರೆ ಮರಿ ಹುಟ್ಟಿತು, ಆ ಮರಿಗೂ ಮರಿಯಾಯಿತು. ಅದರೊಳಗೆ ತಳಿ ಎಂದು ಬೇರೆ ಮಾಡಿದವನು ಮನುಷ್ಯ. "ಪ್ರಭೇದದ ಗಡಿಯನ್ನು ಪ್ರಕೃತಿ ಕಾಯುತ್ತದೆ, ತಳಿಯ ಗಡಿಯನ್ನು ಕುರುಬ ಕಾಯಬೇಕು," ಎಂದು ಹೇಳಿ ಮಕ್ಕಳಿಂದ ಬರೆಸುತ್ತಿದ್ದಳು. ಬರೆಸಿದ್ದೇ ಬಂತು.

ಜೀಪು ಬಂತು. ತಂಡದ ಮುಖ್ಯಸ್ಥ ಭಾನುಪ್ರಕಾಶ ತೆಲುಗಿನವರು, ಮೆತ್ತಗಿನ ಮನುಷ್ಯ. ಚಹಾ ಕುಡಿದು, ಬೀರಲಿಂಗಪ್ಪನಿಗೆ ಕೈಮುಗಿದು, ಹಟ್ಟಿಯೊಳಗೆ ಇಳಿದರು. ರಜಿತಾ ಅವರ ತೆಲುಗನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳುತ್ತ ಬೆನ್ನಿಗೇ ನಿಂತಳು. ಅಪ್ಪನಿಗೆ ತೆಲುಗು ಆಕೆಗಿಂತ ಚೆನ್ನಾಗಿ ಬರುತ್ತಿತ್ತು, ಆದರೂ ಹೇಳಿದಳು. ಮೊದಲು ಹಿಡಿದದ್ದು ಒಂದು ಮುದಿ ಕುರಿ. ಕರಿ ಮೈ, ಗಿಡ್ಡ ಕಿವಿ, ಡೊಂಕು ಮೂಗು, ಬೆರಳು ಹೋಗದಷ್ಟು ದಟ್ಟವಾದ ಒರಟು ಉಣ್ಣೆ. ಅವರು ಖುಷಿಯಾಗಿ ತಲೆಯಾಡಿಸಿದರು. ಇನ್ನೊಂದು ಮುದಿ ಕುರಿ, ಅದೂ ಹಾಗೆಯೇ. ರಜಿತಾಳ ಎದೆ ಉಬ್ಬಿತು.

ಆಮೇಲೆ ಎಳೆಯದೊಂದನ್ನು ಹಿಡಿದರು. ಕರಿಯಾಗಿಯೇ ಇತ್ತು, ಆದರೆ ಮೈ ಮೇಲೆ ಕೈಯಾಡಿಸಿದ ಭಾನುಪ್ರಕಾಶರ ಮುಖ ಬದಲಾಯಿತು. ಉಣ್ಣೆ ಇರಬೇಕಾದಲ್ಲಿ ನುಣುಪಾದ ಕೂದಲು, ಆಡಿನ ಮೈಯ ಹಾಗೆ. ಕಿವಿ ಉದ್ದಕ್ಕೆ ಜೋತಿತ್ತು, ಕಾಲೂ ಎತ್ತರ. ಇನ್ನೊಂದು ಹಿಡಿದರು, ಮತ್ತೊಂದು ಹಿಡಿದರು. ಎಳೆಯವು ಹೆಚ್ಚುಕಡಿಮೆ ಎಲ್ಲ ಅದೇ ಜಾಡು. ದೂರದಿಂದ ನೋಡಿದರೆ ಹಿಂಡು ಕರ್ರಗೆ ಕಾಣುತ್ತಿತ್ತಲ್ಲ, ತಾಯಿಯಿಂದ ಬಂದ ಆ ಬಣ್ಣವೇ ಮೋಸ ಮಾಡಿತ್ತು. ಭಾನುವಾರದ ಬಸ್ಸಿಗೆ ಬಂದು, ಊಟ ಮಾಡಿ, ಸಂಜೆ ಬಸ್ಸಿಗೆ ಹೋಗುವ ಮಗಳು ಎಂದಾದರೂ ಮರಿಯ ಮೈ ಮುಟ್ಟಿ ನೋಡಿದ್ದಳೇ?

"ಉಣ್ಣೆ ಬಾರದ ನೆಲ್ಲೂರು ತಳಿಯ ಟಗರು ಸೇರಿದೆಯಮ್ಮ ಇದರಲ್ಲಿ," ಎಂದರು ಭಾನುಪ್ರಕಾಶ.

"ಸಾಧ್ಯವೇ ಇಲ್ಲ ಸರ್. ಅಪ್ಪ ಹೊರಗಿನ ಟಗರು ಬಿಡುವವನೇ ಅಲ್ಲ."

ಅವರು ಮೂಲೆ ತೋರಿಸಿದರು. ಅಲ್ಲಿ ಎತ್ತರದ ಕೆಂಚು ಟಗರೊಂದು ಹಣೆ ತುಂಬ ಅರಿಸಿನದ ಭಂಡಾರ ಬಳಿಸಿಕೊಂಡು, ಕೊರಳಲ್ಲಿ ಗೆಜ್ಜೆ ಕಟ್ಟಿಸಿಕೊಂಡು, ರಾಜನ ಹಾಗೆ ಮೆಲುಕು ಹಾಕುತ್ತ ನಿಂತಿತ್ತು.

ಅದನ್ನು ರಜಿತಾ ನೋಡಿಲ್ಲವೆಂದಲ್ಲ. ಬಂದಾಗಲೆಲ್ಲ ನೋಡಿದ್ದಳು, ಹಣೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡಿದ್ದಳು ಕೂಡ. ಕುಲದೇವರು ಬೀರಪ್ಪನಿಗೆ ಬಿಟ್ಟ ಟಗರು ಅದು. ಅದನ್ನು ಕಟ್ಟುವ ಹಾಗಿಲ್ಲ, ಬೀಜ ಒಡೆಸುವ ಹಾಗಿಲ್ಲ, ಮಾರುವ ಮಾತಂತೂ ದೂರ. ಎಷ್ಟು ಕುರಿ ಇವೆ ಎಂದು ಕೇಳಿದರೆ ಅಪ್ಪ ಅದೊಂದನ್ನು ಬಿಟ್ಟೇ ಹೇಳುತ್ತಿದ್ದ. ಎಂ.ಎಸ್ಸಿ. ಮಾಡಿದ ಮಗಳೂ ಬಿಟ್ಟೇ ಎಣಿಸಿದ್ದಳು! ದೇವರದು ಅಂದರೆ ದೇವರದು, ಅದಕ್ಕೂ ಹಿಂಡಿಗೂ ಏನು ಸಂಬಂಧ ಎಂದು. ಟಗರಿಗೆ ಮಾತ್ರ ಸಂಬಂಧ ಚೆನ್ನಾಗಿ ಗೊತ್ತಿತ್ತು.

"ಮುದಿ ಕುರಿಗಳು ಅಪ್ಪಟ. ಆದರೆ ಅವು ಇನ್ನು ಈಯುವುದು ಕಷ್ಟ. ಉಳಿದವನ್ನು ಯಾವ ತಳಿಗೂ ಸೇರದವು ಎಂದೇ ಬರೆಯಬೇಕಾಗುತ್ತದೆ," ಎಂದರು ಭಾನುಪ್ರಕಾಶ, ತಾವೇ ತಪ್ಪು ಮಾಡಿದವರ ಹಾಗೆ. "ಎಳೆಯವುಗಳಲ್ಲಿ ಎಲ್ಲೋ ನಾಲ್ಕೈದಕ್ಕೆ ಉಣ್ಣೆ ಇದೆ. ಈ ಟಗರು ತೆಗೆದು, ಒಂದು ಕರಿ ಟಗರು ತಂದು ಬಿಡಿ. ಆಗ ನೋಡೋಣ. ಇದು ಇಲ್ಲಿರುವವರೆಗೆ ನಾನೇನೂ ಮಾಡಲಾರೆ."

ಜೀಪು ಹೋದ ಮೇಲೆ ರಜಿತಾಳ ಮೈಯೆಲ್ಲ ಉರಿಯುತ್ತಿತ್ತು. ಅಲ್ಲ, ಇಷ್ಟು ವರ್ಷ ಇದ್ದದ್ದನ್ನು ಕಣ್ಣೆದುರೇ ಕಳೆದುಕೊಂಡು ಕೂತರಲ್ಲ!

"ಅಪ್ಪಾ, ನಿನಗ ಗೊತ್ತಾಗಲಿಲ್ಲೇನು? ಉಣ್ಣೆ ಕಡಿಮಿ ಆಗೋದು ಕಾಣಲಿಲ್ಲೇನು?"

"ಕಂಡೈತವ್ವ. ಕಾಣದ ಏನು," ಎಂದ ಬೀರಲಿಂಗಪ್ಪ. "ಕಂಬಳಿ ನೇಯಾಕ ಸಾಲವಲ್ದು ಅಂತ ನಿಮ್ಮವ್ವನೂ ಅಂದ್ಳು. ಏನು ಮಾಡಾಕ ಬರ್ತೈತಿ? ದೇವ್ರದು."

"ದೇವ್ರು ನೆಲ್ಲೂರು ಟಗರೇ ಬೇಕು ಅಂದಿದ್ನೇನು? ನಮ್ಮ ಹಿಂಡಿನಾಗಿಂದೇ ಒಂದು ಬಿಟ್ಟಿದ್ರ ಆಗ್ತಿರಲಿಲ್ಲೇನು?"

"ಇದ್ದದ್ದನ್ನ ಕೊಟ್ರ ಅದೇನು ಹರಕಿ? ಗದ್ವಾಲ ಕಡಿಯಿಂದ ಮಕ್ತಲ್ ಸಂತಿಗೆ ಬಂದಿತ್ತು. ಸಂತ್ಯಾಗ ಅದರಷ್ಟು ದೊಡ್ಡ ಟಗರು ಇನ್ನೊಂದಿರಲಿಲ್ಲ."

ರಜಿತಾ ಗೂಟಕ್ಕೆ ಸುತ್ತಿದ್ದ ಹಗ್ಗ ಬಿಚ್ಚಿಕೊಂಡಳು. "ಇದನ್ನ ಇವತ್ತೇ ಗುಡಿಗೆ ಒಯ್ದು ಕಟ್ತೀನಿ. ಪೂಜಾರಿ ನೋಡ್ಕಳ್ಲಿ."

ಪೆಂಟಮ್ಮ ಎದ್ದು ಬಂದು ಟಗರಿನ ಮುಂದೆ ನಿಂತಳು.

"ಹಗ್ಗ ಬಿಡು."

"ಸರಿ ಅತ್ಲಾಗ, ಅವ್ವ."

"ಯಾರ ಹರಕಿ ಇದು, ಗೊತ್ತೈತೇನು ನಿನಗ? ಪಾಲಮೂರು ಹಾಸ್ಟೆಲ್‌ನಾಗ ಜ್ವರ ಬಂದು ದವಾಖಾನ್ಯಾಗ ಬಿದ್ದಿದ್ದಿ. ರಕ್ತ ಏರಸ್ತಿದ್ರು. ಉಳಿಯೋದು ಕಷ್ಟ ಅಂದ್ರು ಡಾಕ್ಟ್ರು. ನಾ ಗುಡಿ ಮೆಟ್ಟಲ ಮ್ಯಾಲೆ ಬಿದ್ದು ಬೇಡ್ಕಂಡೀನಿ, ನನ್ನ ಮಗಳನ್ನ ಉಳಸು, ಸಂತ್ಯಾಗಿನ ದೊಡ್ಡ ಟಗರು ನಿನ್ನ ಹೆಸರ್ಲೆ ನನ್ನ ಹಿಂಡಿನಾಗ ಬಿಡ್ತೀನಿ, ಅದಿದ್ದಷ್ಟು ದಿನ ಕೈ ಹಚ್ಚಂಗಿಲ್ಲ ಅಂತ."

ರಜಿತಾಳಿಗೆ ಜ್ವರ ಬಂದದ್ದು ನೆನಪಿತ್ತು. ಈ ಹರಕೆ ತನಗಾಗಿ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಆ ಮಾತಿಗೆ ಅಲ್ಲಿಯೇ ಸೋತು ಕೂರಬೇಕಿತ್ತು. ಆದರೆ ಸಿಟ್ಟು ಬಂದವರ ನಾಲಗೆ ಯಾರ ಮಾತು ಕೇಳುತ್ತದೆ?

"ಹಂಗಾರ ನಾ ಸತ್ತಿದ್ರ ಚಲೋ ಇತ್ತು. ಕುರಿಯಾದ್ರೂ ಉಳೀತಿದ್ವು."

ಪೆಂಟಮ್ಮ ಫಟ್ಟನೆ ಕೆನ್ನೆಗೆ ಬಿಟ್ಟಳು. ಮಗಳ ಮೇಲೆ ಆಕೆ ಹಿಂದೆಂದೂ ಕೈ ಎತ್ತಿರಲಿಲ್ಲ. ಹೊಡೆದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, "ಹಿಂಡು ಬಿಡ್ರಿ, ಹೊತ್ತಾತು," ಎಂದು ಗಂಡನಿಗೆ ಹೇಳಿ ಒಳಗೆ ಹೋದಳು. ಒಳಗಿನಿಂದ ಬಿಕ್ಕುವ ಸದ್ದು ಕೇಳಿತು.

ಬೀರಲಿಂಗಪ್ಪ ಕೋಲು ಹಿಡಿದು ಮಗಳ ಮುಖ ನೋಡುತ್ತ ನಿಂತ. ಆಕೆ ಹೇಳದೆ ಹಿಂಡು ಬಿಡುವ ಧೈರ್ಯ ಅವನಿಗಿರಲಿಲ್ಲ. ರಜಿತಾ ಹಗ್ಗ ಕೆಳಗೆ ಹಾಕಿ, ಹಟ್ಟಿಯ ಮುಳ್ಳುಬೇಲಿಯನ್ನು ತಾನೇ ಸರಿಸಿದಳು. ಮೊದಲು ಹೊರಗೆ ಬಂದದ್ದು ಕೆಂಚು ಟಗರು. ಕರಿ ಕುರಿಗಳೆಲ್ಲ ಅದರ ಹಿಂದೆ ಹೋದವು.