ಬೋರ್ಡಿನ ಮ್ಯಾಲ ನಾನಿನ್ನೂ ತಿಕೋಟಾದಾಗ

ಆ ಬೋರ್ಡಿಗೆ ಅವತ್ತ ಬೆಂಕಿ ಹಚ್ಚಬೇಕಿತ್ತು. ಎಪ್ಪತ್ತರ ದಶಕದ ಮಾತು. ಹಳ್ಳಿ ಹಳ್ಳಿಗೆ ಸಾಲಿ ಇದ್ದ ಒಂದು ಸಂಸ್ಥೆದಾಗ ನಾ ಅಕ್ಕೋರಾಗಿದ್ದೆ. ಸಾಲಿಗೊಂದು ಫೋನ್ ಇತ್ತು ಖರೆ, ಆದ್ರ ಆ ನಂಬರ್ ಹೊರಗಿನವರಿಗೆ ಹೇಳುವಂಗಿರಲಿಲ್ಲ. ನಮ್ಮೊಳಗ ಯಾರ ಬೇಕಾದ್ರೂ ವಿಜಾಪುರದಾಗ ಸಿದ್ಧೇಶ್ವರ ಗುಡಿ ಹಿಂದಿನ ದೊಡ್ಡ ಆಫೀಸಿಗೆ ಫೋನ್ ಹಚ್ಚಿ ಹೆಸರು ಹೇಳಬೇಕು. ಅಲ್ಲಿ ಗ್ವಾಡಿಗೆ ಕಟಗಿ ಬೋರ್ಡು, ಅದರ ಮ್ಯಾಲ ಬಣ್ಣದಿಂದ ಬರದ ನಮ್ಮ ಹೆಸರು, ಹೆಸರಿನ ಮುಂದ ಊರು. ಹೆಡ್ ಕ್ಲಾರ್ಕ ಅದನ್ನ ನೋಡಿ ಆ ಊರಿನ ಸಾಲಿಗೆ ಜೋಡಿಸಿ ಕೊಡತಿದ್ದ.

ತಿಕೋಟಾದ ಹೆಡ್ಮಾಸ್ತರ ಸಾಲಿ ಹುಡುಗ್ಯಾರ ಕಡಿಂದ ತನ್ನ ಮನಿ ಮುಸರಿ ತಿಕ್ಕಸತಿದ್ದ. ನಾ ಹುಡುಗ್ಯಾರ್ನ ಕಳಸಲಿಲ್ಲ. ಅಷ್ಟಕ್ಕ ನನ್ನ ಬಬಲೇಶ್ವರಕ್ಕ ವರ್ಗಾ ಮಾಡಿಸಿದ. ಹೋದ್ರ ಹೋತು, ಪೀಡಾ ತಪ್ಪಿತು ಅಂದೆ. ಆದ್ರ ಬೋರ್ಡಿನ ಮ್ಯಾಲ ನಾ ತಿಕೋಟಾದಾಗ ಉಳದೆ.

ಅವ್ವಗ ಉಬ್ಬಸ. ಸೊಲ್ಲಾಪುರ ರಸ್ತೆದ ಗ್ಯಾರೇಜಿನ್ಯಾಗ ದುಡಿಯೂ ನನ್ನ ತಮ್ಮನ ಮನ್ಯಾಗ ಇದ್ದಳು. "ಹೋಗೂ ಮುಂದ ನನ್ನ ಬಾಯಾಗ ನೀನ ನೀರ ಬಿಡಬೇಕ ಬೇ, ಮತ್ಯಾರ ಕೈಲೂ ನಾ ಒಲ್ಲೆ," ಅಂತಿದ್ದಳು. ಅದಕ್ಕ ಖುದ್ದ ಆಫೀಸಿಗೆ ಹೋಗಿ ಕೈ ಮುಗದೆ. "ಸರ, ಅವ್ವಗ ನೆಟ್ಟಗಿಲ್ರಿ. ನನ್ನ ಹೆಸರಿನ ಮುಂದ ಬಬಲೇಶ್ವರ ಬರಸ್ರಿ."

"ಬಣ್ಣದಾಂವ ದಸರಾಕ್ಕ ಬರತಾನ್ರಿ ಅಕ್ಕೋರ," ಅಂದ ಹೆಡ್ ಕ್ಲಾರ್ಕ. "ಅಲ್ಲೀತನಾ ತಡಕೋ ಅನ್ರಿ ನಿಮ್ಮವ್ವಗ." ಇಡೀ ಆಫೀಸ ಹಲ್ಲ ಕಿಸೀತು.

ದಸರಾ ಇನ್ನೂ ದೂರ ಇತ್ತು, ಅವ್ವಗ ಮ್ಯಾಲುಸಿರು ಹತ್ತಿತು. ತಮ್ಮ ಗ್ಯಾರೇಜಿನಿಂದ ಫೋನ್ ಹಚ್ಚಿ, "ಅಕ್ಕ ಬಬಲೇಶ್ವರದಾಗ ಅದಾಳ್ರಿ, ಅಲ್ಲಿಗೆ ಕೊಡ್ರಿ," ಅಂತ ಬಡಕೊಂಡ.

"ನಿನಗಿಂತ ಬೋರ್ಡಿಗೆ ಗೊತ್ತೈತಿ, ಸುಮ್ನಿರಲೇ," ಅಂದು ಹೆಡ್ ಕ್ಲಾರ್ಕ ತಿಕೋಟಾಕ್ಕ ಜೋಡಿಸಿದ. ಅಲ್ಲಿ ಫೋನ್ ಎತ್ತಿದಾಂವ ಅದ ಹೆಡ್ಮಾಸ್ತರ.

"ಆಕಿ ಇಲ್ಲಿಲ್ಲ."

"ಅವ್ವ ಹೋಗಾಕತ್ಯಾಳ್ರಿ ಸರ. ಅಕ್ಕ ಇರೂ ಸಾಲಿಗೆ ಒಂದ ಮಾತ ಮುಟ್ಟಸ್ರಿ."

"ನಾ ಏನ ಆಕಿ ಗಂಡ ಏನಲೇ, ಎಲ್ಲದಾಳಂತ ಗೊತ್ತಿರಾಕ?" ಅಂದು ಫೋನ್ ಕುಕ್ಕಿದ.

ನನ್ನ ಬಬಲೇಶ್ವರಕ್ಕ ಕಳಿಸಿದಾವ ಅವನ! ಅವನ ಬಾಯಾಗ ಮಣ್ಣ ಬೀಳಲಿ. ಇವತ್ತಿಗೂ ಅದನ್ನ ಅಂತೀನಿ. ಮಧ್ಯಾಹ್ನ ತಮ್ಮ ಮತ್ತ ಹಚ್ಚಿದ, ಮತ್ತ ತಿಕೋಟಾ. ಕಡೀಕ ಗ್ಯಾರೇಜಿನ ಮುದುಕ ಮಿಸ್ತ್ರಿ, ಸಾಬರು, ಬಿಚ್ಚಿದ ಇಂಜಿನ್ ಹಂಗ ಬಿಟ್ಟು ಮೋಟಾರ್ ಸೈಕಲ್ ಮ್ಯಾಲ ಬಬಲೇಶ್ವರಕ್ಕ ಬಂದ್ರು. "ನಡಿ ಬೇಟಿ, ಏನೂ ಕೇಳಬ್ಯಾಡ," ಅಂದ್ರು. ಕೇಳೂದೇನಿತ್ತು, ಅವರ ಮಾರಿ ನೋಡಿದ್ರ ಗೊತ್ತಾಗತಿತ್ತು.

ನಾ ಮುಟ್ಟೂದ್ರಾಗ ಅವ್ವನ್ನ ಗ್ವಾಡಿಗೆ ಆನಿಸಿ ಕುಂದ್ರಿಸಿ, ಹಣಿತುಂಬ ಇಬತ್ತಿ ಬಡದಿದ್ರು. ತಮ್ಮನ ಕೈಯಾಗ ಇನ್ನೂ ನೀರಿನ ವಾಟಿ ಇತ್ತು.

"ನಾ ನೀರ ಬಿಟ್ರ ತುಟಿ ಬಿಗಿ ಹಿಡದ್ಲಕ್ಕಾ," ಅಂದ. "ಬಾಗಲಾನ ನೋಡಕೋತ ಹೋದ್ಲು. ನೀ ಬರೂದಿಲ್ಲಂತ ಹೇಳಾಕ ನನಗ ಬಾಯಿ ಬರಲಿಲ್ಲ." ಎದಿ ಎದಿ ಬಡಕೊಂಡು ಅತ್ತೆ.

ದಿನಕರ್ಮ ಮುಗಿಸಿ ಸಾಲಿಗೆ ಹೋದ ದಿನ ಜವಾನ ಓಡಿ ಬಂದ. "ಅಕ್ಕೋರ, ನಿಮಗ ಫೋನ್ ಬಂದೈತ್ರಿ!" ಬಬಲೇಶ್ವರದಾಗ ನನಗ ಬಂದ ಮೊದಲನೇ ಫೋನ್. ಆ ಕಡೆ ಹೆಡ್ ಕ್ಲಾರ್ಕ ಇದ್ದ.

"ಅಕ್ಕೋರ, ನಿಮ್ಮ ಕೆಲಸ ಮಾಡಿ ಕೊಟ್ಟೆ ನೋಡ್ರಿ. ಬಣ್ಣದಾಂವ ಯಾಕ, ನಾನ ಚಾಕ್‌ಪೀಸಿಲೆ ಬರದೆ. ಎಷ್ಟೊತ್ತಿನ ಮಾತು! ಹತ್ತತೈತೋ ಇಲ್ಲೋ ಅಂತ ಒಂದ ಸಲ ಹಚ್ಚಿ ನೋಡಿದೆ. ಕೇಳಸಾಕತ್ತೈತಿಲ್ರಿ?"

"ಚಲೋ ಕೇಳಸಾಕತ್ತೈತ್ರಿ," ಅಂದೆ.