ತೊಲ್ರಾನಾ ಓದಿ ಬರೆಸಿದ ಚಂದ್ರಕೋಷ್ಟಕ

ಪೆರ್ಪಿನ್ಯಾ ಊರಿನ ಯಹೂದಿ ಕೇರಿಯಲ್ಲಿ ಆ ವರ್ಷ ಸೂರ್ಯನಿಗೆ ಗ್ರಹಣ ಹಿಡಿದದ್ದು ಮಂಗಳವಾರ. ಹಿಡಿಯಬೇಕಾಗಿದ್ದದ್ದು ಬುಧವಾರ. ವೈದ್ಯ ಬೆಲ್ಶೋಮ್ ಹಿಂದಿನ ವಾರವೇ ಪ್ರಾರ್ಥನಾ ಮಂದಿರದ ಅಂಗಳದಲ್ಲಿ ನಿಂತು, "ಬುಧವಾರ ಮಧ್ಯಾಹ್ನ ಕತ್ತಲಾಗುತ್ತೆ, ಯಾರೂ ಹೆದರ್ಬೇಡಿ" ಎಂದು ಸಾರಿದ್ದ. ಹೀಗಾಗಿ ಮಂಗಳವಾರ ಕೇರಿಯವರೆಲ್ಲ ನಿಶ್ಚಿಂತರಾಗಿದ್ದರು. ತೊಲ್ರಾನಾ ಮನೆಯ ಮುಂದೆ ಕೂತು ಮೀನಿಗೆ ಉಪ್ಪು ಸವರುತ್ತಿದ್ದಳು. ಇದ್ದಕ್ಕಿದ್ದಂತೆ ಮೀನಿನ ಹೊಳಪು ಸತ್ತುಹೋಯಿತು. ಕೋಳಿಗಳು ಗೂಡು ಸೇರಿದವು. ಪಕ್ಕದ ಮನೆಯಾಕೆ ಎದೆ ಬಡಿದುಕೊಂಡು ಓಡಿಬಂದಳು.

"ಇವತ್ತು ಮಂಗ್ಳವಾರ ಕಣೇ! ನಿನ್ ಗಂಡನ ಪುಸ್ತಕ ಬುಧವಾರ ಅಂದಿತ್ತಲ್ಲೇ!"

ತೊಲ್ರಾನಾಳ ಕೈಯಲ್ಲಿದ್ದ ಮೀನು ಕೈಯಲ್ಲೇ ಉಳಿಯಿತು.

ಅವಳ ಗಂಡ ಮಾಹೀರ್ ಪುಸ್ತಕಗಳ ನಕಲುಗಾರ. ಧರ್ಮಗ್ರಂಥದ ಸುರುಳಿ ಬರೆಯುವವರು ಬೇರೆ ಇದ್ದರು. ಇವನದು ನಕ್ಷತ್ರ ಮತ್ತು ಗಣಿತದ ಹೊತ್ತಗೆಗಳು, ಪುಟದ ತುಂಬ ಅಂಕಿಗಳೇ. ದಿನಕ್ಕೊಂದು ಸಾಲು, ಆ ದಿನ ಚಂದ್ರ ಎಲ್ಲಿರುತ್ತಾನೆ ಎಂಬ ಲೆಕ್ಕ. ಹೀಬ್ರೂವಿನಲ್ಲಿ ಅಕ್ಷರವೇ ಅಂಕಿ, ಅಲೆಫ್ ಒಂದು, ಬೇತ್ ಎರಡು. ಚರ್ಮದ ಹಾಳೆ ಮಾಡುವವನ ಮಗಳಾದ ತೊಲ್ರಾನಾಳಿಗೆ ಅಕ್ಷರ ಬರುತ್ತಿತ್ತು, ಅಷ್ಟೇ ಸಾಕಾಗಿತ್ತು. ಹದಿನೆಂಟು ವರ್ಷ ಅವಳು ಗಂಡನ ಎದುರು ಕೂತು ಮೂಲಪ್ರತಿಯನ್ನು ಗಟ್ಟಿಯಾಗಿ ಓದಿದಳು, ಅವನು ಬರೆದ. ಒಂದು ಪುಟ ಮುಗಿದ ಮೇಲೆ ಅವನು ತನ್ನ ನಕಲನ್ನು ತಿರುಗಿ ಓದುತ್ತಿದ್ದ, ಅವಳು ಮೂಲದ ಮೇಲೆ ಬೆರಳಿಟ್ಟು ತಾಳೆ ನೋಡುತ್ತಿದ್ದಳು. ಒಂದಂಕಿಯೂ ತಪ್ಪುತ್ತಿರಲಿಲ್ಲ. ಮಾಹೀರ್ ಬರೆದದ್ದನ್ನು ಮತ್ತೆ ಗುಣಿಸಿ ನೋಡಬೇಕಿಲ್ಲ ಎಂಬ ಮಾತು ಸಮುದ್ರದಾಚೆಗೂ ಹಬ್ಬಿತ್ತು.

ಬೆಳಕು ಮರಳಿದ ಸ್ವಲ್ಪ ಹೊತ್ತಿಗೆ ಬೆಲ್ಶೋಮ್ ಬಂದ. ಕಂಕುಳಲ್ಲಿ ಪುಸ್ತಕ, ಮುಖ ಸುಣ್ಣ.

"ಊರೆಲ್ಲ ನನ್ನ ನೋಡಿ ನಗ್ತಾ ಇದೆ ಮಾಹೀರ್. ನಗ್ಲಿ ಬಿಡು. ನನ್ನ ಲೆಕ್ಕಕ್ಕೂ ಪುಸ್ತಕಕ್ಕೂ ತಾಳೆ ಬೀಳ್ದೇ ಇದ್ದಾಗ ನಾನು ಅನುಮಾನಿಸಿದ್ದು ನನ್ನ ತಲೆಯನ್ನ, ನಿನ್ನ ಕೈಯನ್ನಲ್ಲ."

ತೊಲ್ರಾನಾ ಪುಸ್ತಕ ತೆಗೆದುಕೊಂಡು ಬಿಡಿಸಿದಳು. ಗಂಡ ಬರೆದ ಪುಟವನ್ನು ಅವಳು ನೆಟ್ಟಗೆ ನೋಡಿದ್ದು ಅದೇ ಮೊದಲು. ಅವಳ ಕಣ್ಣು ಯಾವಾಗಲೂ ಮೂಲದ ಮೇಲೆಯೇ ಇರುತ್ತಿತ್ತು. ಮೊದಲ ಮೂರು ಪುಟ ಸರಿಯಿದ್ದವು. ನಾಲ್ಕನೆಯದರಲ್ಲಿ ಎಂಟು ಸಾಲಾದ ಮೇಲೆ ಕೋಷ್ಟಕದ ಒಂದು ಮನೆ ಖಾಲಿ. ಅಲ್ಲಿಂದ ಪ್ರತಿ ಅಂಕಿಯೂ ಒಂದು ಸಾಲು ಕೆಳಗೆ. ಪುಟದ ಕೊನೆಯ ಅಂಕಿಗೆ ಮನೆಯೇ ಇಲ್ಲದೆ ಅದು ಗೆರೆಯ ಹೊರಗೆ ಬಿದ್ದಿತ್ತು. ಮುಂದಿನ ಪುಟಗಳೂ ಹಾಗೆಯೇ. ಇಂದಿನ ಚಂದ್ರ ನಾಳೆಯ ಸಾಲಿನಲ್ಲಿ ಕೂತಿದ್ದ.

"ತಪ್ಪಿಲ್ಲದೆ ತಿರುಗಿ ಓದಿದ್ರಲ್ಲ ನೀವು!" ಎಂದಳು. ಅಂದಮೇಲೆ ಅವಳಿಗೇ ಏನೋ ಹೊಳೆಯಿತು. ಪುಸ್ತಕವನ್ನು ಮುಚ್ಚಿದಳು. ಮುಚ್ಚಿದ ರಟ್ಟನ್ನೇ ಗಂಡನ ಮುಖದೆದುರು ಹಿಡಿದು, "ನಾಲ್ಕನೇ ಪುಟ, ಮೇಲಿಂದ ಓದಿ" ಎಂದಳು.

ಮಾಹೀರ್ ಓದಿದ. ಕಂದು ರಟ್ಟಿನ ಮೇಲೆ ದೃಷ್ಟಿ ನೆಟ್ಟು, ಸಾಲು ಸಾಲಾಗಿ, ಒಂದಂಕಿಯೂ ತಪ್ಪದೆ ಓದಿದ.

ಬೆಲ್ಶೋಮ್ ಹಿಂದೆ ಸರಿದು ಪೆಟ್ಟಿಗೆಯ ಮೇಲೆ ಕುಸಿದ. ತೊಲ್ರಾನಾ ರಟ್ಟನ್ನು ಕೆಳಗಿಳಿಸಿದಳು.

"ಎಷ್ಟು ದಿನ ಆಯ್ತು?"

"ಎರಡು ವರ್ಷ. ಕಣ್ಣಿನ ನಡೂ ಮಧ್ಯ ಮಂಜು. ಅಂಚಲ್ಲಿ ಒಂಚೂರು ಕಾಣುತ್ತೆ."

"ನಾನು ಎದುರಿಗೇ ಕೂತಿದ್ನಲ್ರೀ! ಒಂದು ಮೊಳ ದೂರ!"

"ನೀನು ಓದಿದ್ದು ಒಂದ್ಸಲ ಕಿವಿಗೆ ಬಿದ್ರೆ ಸಾಕು, ಉಳ್ಕೊಳ್ಳುತ್ತೆ ಕಣೇ. ಕೈ ತನ್ನಷ್ಟಕ್ಕೆ ಸಾಲು ಹಿಡಿಯುತ್ತೆ ಅಂದ್ಕೊಂಡಿದ್ದೆ. ಹೇಳಿದ್ರೆ ನೀನು ಓದೋದು ನಿಲ್ಲಿಸ್ತಿದ್ದೆ. ಆಮೇಲೆ ನಾನು ಯಾರು ಹೇಳು?"

ಆಗ ಬೆಲ್ಶೋಮ್ ತಡೆದು ತಡೆದು ಇನ್ನೊಂದು ಮಾತು ಹೊರಹಾಕಿದ. ಚಂದ್ರ ಯಾವ ರಾಶಿಯಲ್ಲಿದ್ದಾನೆ ಎಂದು ನೋಡದೆ ಅವನು ಚಿಕಿತ್ಸೆಗೆಂದು ಯಾರ ರಕ್ತವನ್ನೂ ತೆಗೆಯುತ್ತಿರಲಿಲ್ಲ; ಚಂದ್ರ ತೋಳಿನ ರಾಶಿಯಲ್ಲಿದ್ದ ದಿನ ತೋಳಿಗೆ ಕತ್ತಿ ತಾಗಿಸಬಾರದು ಎಂಬುದು ವೈದ್ಯರ ನಂಬಿಕೆ. ಚಳಿಗಾಲದಲ್ಲಿ ಈ ಪುಸ್ತಕ ನೋಡಿಯೇ ನೇಕಾರ ಸಾಲ್ತೆಲನ ತೋಳಿನಿಂದ ರಕ್ತ ತೆಗೆದಿದ್ದ. ಅಂದಿನಿಂದ ಸಾಲ್ತೆಲನ ಬಲಗೈ ಲಾಳಿ ಎಸೆಯದು.

"ನನ್ನ ಕತ್ತಿ ತಪ್ಪಿತು ಅಂದ್ಕೊಂಡಿದ್ದೆ," ಎಂದ. "ಚಂದ್ರ ಇರಬಾರದ ಕಡೆ ಇದ್ದ ಅಂತ ಈಗ ಗೊತ್ತಾಗ್ತಿದೆ."

ಮಾಹೀರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಮರುದಿನ ಬೆಳಿಗ್ಗೆ ತೊಲ್ರಾನಾ ಗಂಡನ ತೋಳು ಹಿಡಿದು ಸಾಲ್ತೆಲನ ಮನೆಗೆ ಕರೆದುಕೊಂಡು ಹೋದಳು. ಸಾಲ್ತೆಲ್ ಕೇಳಿಸಿಕೊಂಡ, ಬೈಯಲಿಲ್ಲ. ಬಾಗಿಲು ಮಾತ್ರ ಹಾಕಿಕೊಂಡ. ಎರಡು ವರ್ಷದಲ್ಲಿ ಮಾಹೀರ್ ಮೂರು ಪುಸ್ತಕ ಬರೆದಿದ್ದ. ಒಂದು ಬೆಲ್ಶೋಮನದು. ಇನ್ನೊಂದು ಕಾರ್ಪೆಂತ್ರಾಸ್ ಊರಿನಲ್ಲಿತ್ತು, ಕಾಗದ ಬರೆಸಿದ ಮೇಲೆ ಉಣ್ಣೆ ವ್ಯಾಪಾರಿಯೊಬ್ಬನ ಮೂಟೆಯಲ್ಲಿ ಹಿಂದಿರುಗಿತು. ಮೂರನೆಯದನ್ನು ತರಲು ಅವಳೇ ಹೇಸರಗತ್ತೆಯ ಮೇಲೆ ಬೆಟ್ಟ ದಾಟಿ ಜಿರೋನಾಗೆ ಹೋದಳು. ಅಲ್ಲಿ ಪುಸ್ತಕ ಕೊಂಡಿದ್ದ ಪಂಡಿತ ಮೈಮೋ ಎಂಬವನ ಮನೆಗೆ ಬೀಗ. ಪುಸ್ತಕದ ಸಮೇತ ಹಡಗು ಹತ್ತಿ ಸಿಸಿಲಿಗೆ ಹೋದ ಎಂದರು. ಅವಳು ಆ ಹೊಸ್ತಿಲ ಮೇಲೇ ಕೂತುಬಿಟ್ಟಳು.

ಊರಿಗೆ ಮರಳಿ ತಪ್ಪು ಅಂಕಿಗಳನ್ನು ಕತ್ತಿಯಿಂದ ಕೆರೆದು ತಾನೇ ಬರೆಯಲು ಕೂತಳು. ವಯಸ್ಸು ನಲವತ್ತು ದಾಟಿತ್ತು. "ನಿನ್ನ ಅಕ್ಷರಗಳು ಕೊಬ್ಬಿದ ಬಾತುಕೋಳಿ ಥರ ಇವೆಯಮ್ಮಾ" ಎಂದ ಬೆಲ್ಶೋಮ್. "ಸಾಲು ಬಿಟ್ಟು ಹಾರಲ್ವಲ್ಲ, ಸಾಕು" ಎಂದಳು. ಮಾಹೀರ್ ನೆನಪಿನಿಂದ ಹೇಳುತ್ತಿದ್ದ, ಅವಳು ಮೂಲದೊಡನೆ ತಾಳೆ ನೋಡಿ ಬರೆಯುತ್ತಿದ್ದಳು, ಬರೆದ ಹಾಳೆಯನ್ನು ಬೆಲ್ಶೋಮ್ ತಾನೇ ಓದುತ್ತಿದ್ದ. ಕೋಟ್‌ಲಿಯೂರ್ ಬಂದರಿನಿಂದ ಸಿಸಿಲಿಗೆ ಹೊರಟ ಪ್ರತಿ ಹಡಗಿನಲ್ಲೂ ಮೈಮೋಗೆ ಒಂದೇ ಕಾಗದ: ಖಾಲಿ ಮನೆ ಕಂಡ ಕಡೆಯಿಂದ ಎಲ್ಲವನ್ನೂ ಒಂದು ಸಾಲು ಮೇಲಕ್ಕೆ ಓದಿಕೊಳ್ಳಿ.

ಆರು ವರ್ಷದ ಮೇಲೆ ಉತ್ತರ ಬಂತು. ಅವಳು ಗಂಡನಿಗೆ ಓದಿ ಹೇಳಿದಳು. "ಪುಸ್ತಕ ಕೈಗೆ ಬಂದ ಮೊದಲ ತಿಂಗಳೇ ತಪ್ಪು ಕಂಡಿತು, ನನ್ನ ಮಟ್ಟಿಗೆ ತಿದ್ದಿಕೊಂಡೆ. ಮಾಹೀರನಂಥವರ ಹೆಸರಿಗೆ ಮಸಿ ಬಳಿಯಬಾರದೆಂದು ಯಾರಿಗೂ ಹೇಳಲಿಲ್ಲ."

ಮೊದಲ ತಿಂಗಳು. ಸಾಲ್ತೆಲನ ತೋಳಿಗೆ ಕತ್ತಿ ತಾಗುವುದಕ್ಕೆ ಪೂರ್ತಿ ಐದು ತಿಂಗಳು ಮೊದಲು.

"ಒಂದು ಸಾಲು ಬರ್ದಿದ್ರೆ ಆಗ್ತಿತ್ತಲ್ರೀ," ಎಂದಳು ತೊಲ್ರಾನಾ. "ಒಂದೇ ಒಂದು ಸಾಲು!"

"ನನ್ನ ಮರ್ಯಾದೆ ಉಳಿಸಿದಾನೆ," ಎಂದ ಮಾಹೀರ್. ಆಮೇಲೆ ಆ ದಿನವಿಡೀ ಅವನು ಊಟ ಮಾಡಲಿಲ್ಲ.

ಮಾಹೀರ್ ತೀರಿಕೊಂಡ ಮೇಲೂ ತೊಲ್ರಾನಾ ಏಳು ಪುಸ್ತಕ ಬರೆದಳು. ಪ್ರತಿಯೊಂದರ ಕೊನೆಯ ಹಾಳೆಯಲ್ಲೂ ಬಾತುಕೋಳಿ ಅಕ್ಷರದಲ್ಲಿ ಹೀಗೆ ಸೇರಿಸಿದಳು: ತಪ್ಪು ಕಂಡವರು ಸಂಕೋಚಪಡಬೇಡಿ, ಪೆರ್ಪಿನ್ಯಾ ಊರಿಗೆ ಹೇಳಿಕಳಿಸಿ. ಅವಳು ಬದುಕಿರುವ ತನಕ ಇಬ್ಬರು ಹೇಳಿಕಳಿಸಿದರು. ಒಬ್ಬನ ಲೆಕ್ಕವೇ ತಪ್ಪಾಗಿತ್ತು. ಇನ್ನೊಬ್ಬನದು ಸರಿಯಿತ್ತು, ಅವಳು ಅದೇ ದಿನ ಉಳಿದ ಆರು ಮಂದಿಗೂ ಕಾಗದ ಬರೆದಳು.